ಸಂತೆಯಿಂದ ಸಂತೆಗೆ: ವಾರದ ಪಲ್ಯದ ಪಟ್ಟಿ ಹೀಗೆ ಮಾಡಿ

ಇವತ್ತು ಏನು ಪಲ್ಯ ಮಾಡಲಿ? ವಿಜಯಪುರದ ಯಾವ ಮನೆಗೂ ಈ ಪ್ರಶ್ನೆ ಹೊಸದಲ್ಲ. ಅಡುಗೆಗಿಂತ ಈ ಯೋಚನೆಯೇ ಜಾಸ್ತಿ ದಣಿಸುತ್ತದೆ. ಅದನ್ನು ವಾರಕ್ಕೆ ಒಂದೇ ಸಲ, ಅರ್ಧ ಗಂಟೆ ಕೂತು ಮುಗಿಸಿಬಿಡಬಹುದು.

ಮೂರು ಹೊತ್ತು, ಏಳು ದಿನ ಅಂತ ಹಾಳೆಯಲ್ಲಿ 21 ಚೌಕ ಬರೆದು ತುಂಬಲು ಹೋಗಬೇಡಿ. ನಮ್ಮ ಕಡೆ ಊಟದ ಮುಕ್ಕಾಲು ಪಾಲು ಮೊದಲೇ ಗೊತ್ತಿರುತ್ತದೆ. ರೊಟ್ಟಿ ಇದ್ದೇ ಇದೆ. ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ, ಕೊನೆಗೆ ಅನ್ನ-ಸಾರು ಕೂಡ. ಉಳಿಯುವುದು ಪಲ್ಯ ಮಾತ್ರ ಅಲ್ವಾ? ಅದನ್ನಷ್ಟೇ ಬರೆಯಿರಿ. ನಾಷ್ಟಾಕ್ಕೆ ಅವಲಕ್ಕಿ, ಉಪ್ಪಿಟ್ಟು, ಸುಸಲಾ, ಥಾಲಿಪೆಟ್ಟು ಸರದಿಯ ಮೇಲೆ ಬಂದರೆ ಸಾಕು.

ಸಂತೆಗೆ ಹೋಗುವ ಮೊದಲು ಡಬ್ಬಿಗಳನ್ನು ತೆರೆದು ನೋಡಿ. ಯಾವ ಕಾಳು ಎಷ್ಟಿದೆ, ಗುರೆಳ್ಳು ಹಿಂಡಿ ಎಷ್ಟು ದಿನ ಬರುತ್ತದೆ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಕ್ಯಾಲೆಂಡರನ್ನೂ ಒಮ್ಮೆ ನೋಡಿ. ಶ್ರಾವಣ ಸೋಮವಾರದ ಉಪವಾಸ, ಎಳ್ಳ ಅಮಾವಾಸ್ಯೆಗೆ ಅಡುಗೆ ಒಯ್ದು ಹೊಲದಲ್ಲಿ ಚೆಲ್ಲುವ ಚರಗ ಬಂದರೆ ಆ ವಾರದ ಲೆಕ್ಕವೇ ಬೇರೆ.

ಇನ್ನು ಪಟ್ಟಿ. ಸೋಮವಾರದಿಂದ ಬೇಡ, ಸಂತೆ ದಿನದಿಂದ ಶುರು ಮಾಡಿ. ಬೇಗ ಕೆಡುವುದು ಮೊದಲು. ರವಿವಾರ ಸಂತೆ ಅಂದುಕೊಳ್ಳಿ. ರವಿವಾರ, ಸೋಮವಾರ ತಪ್ಪಲ ಪಲ್ಯ: ಮೆಂತ್ಯ, ರಾಜಗಿರಿ, ಸಬ್ಬಸಗಿ. ಪುಂಡಿಪಲ್ಯ ಮಾಡಿದರೆ ಮರುದಿನಕ್ಕೂ ಇಡಬಹುದು, ಆಗ ಅದರ ರುಚಿ ಇನ್ನೂ ಹೆಚ್ಚು. ಮಂಗಳವಾರದಿಂದ ಗುರುವಾರದ ತನಕ ಬದನೆ ಎಣ್ಣೆಗಾಯಿ, ಬೆಂಡೆ, ಚವಳಿಕಾಯಿ. ಬುಟ್ಟಿ ಬರಿದಾಗುವ ಶುಕ್ರವಾರ, ಶನಿವಾರಕ್ಕೆ ಕಾಳು ಮತ್ತು ಕಡಲೆ ಹಿಟ್ಟಿನ ಝುಣಕ. ನಾನು ಮೊದಲ ಸಲ ಈ ಕ್ರಮ ನೋಡದೆ ಬರೆದಿದ್ದೆ. ಗುರುವಾರಕ್ಕೆ ಅಂತ ಇಟ್ಟ ಮೆಂತ್ಯ ಅಷ್ಟರಲ್ಲಿ ಹಳದಿಯಾಗಿತ್ತು. ನಮ್ಮೂರಿನ ಬೇಸಿಗೆಯಲ್ಲಂತೂ ತಪ್ಪಲು ತಂದ ದಿನವೇ ಬಿಡಿಸಿ, ತೊಳೆಯದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಬೇಕು.

ಪಟ್ಟಿ ಹೆಚ್ಚಾಗಿ ತಪ್ಪುವುದು ಕಾಳಿನ ದಿನ. ಶುಕ್ರವಾರ ಮಡಕಿ ಕಾಳಿನ ಪಲ್ಯ ಎಂದು ಬರೆದಿರುತ್ತೇವೆ, ನೆನೆ ಹಾಕುವುದನ್ನು ಮರೆತಿರುತ್ತೇವೆ. ಶುಕ್ರವಾರ ಬೆಳಗ್ಗೆ ಪಲ್ಯ ಆಗಬೇಕೆಂದರೆ ಬುಧವಾರ ರಾತ್ರಿಯೇ ಕಾಳು ನೀರಿಗೆ ಬೀಳಬೇಕು. ಗುರುವಾರ ಬೆಳಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬೇಸಿಗೆಯಲ್ಲಿ ಸಂಜೆಯ ಹೊತ್ತಿಗೇ ಮೊಳಕೆ ಇಣುಕುತ್ತದೆ, ಚಳಿಗಾಲದಲ್ಲಿ ನಿಧಾನ. ಅದಕ್ಕೇ ಪಟ್ಟಿಯಲ್ಲಿ ಬುಧವಾರದ ಪಲ್ಯದ ಹೆಸರಿನ ಕೆಳಗೆ ‘ಮಡಕಿ ನೆನೆ’ ಎಂದು ದಪ್ಪಗೆ ಬರೆಯಿರಿ. ಈ ಒಂದು ಸಾಲು ನಮ್ಮ ಮನೆಯ ಎಷ್ಟೋ ಶುಕ್ರವಾರಗಳನ್ನು ಉಳಿಸಿದೆ.

ರೊಟ್ಟಿಗೂ ಸ್ವಲ್ಪ ಲೆಕ್ಕ ಬೇಕು. ನಮ್ಮ ಮನೆಯ ಅಳತೆಯಲ್ಲಿ ಒಂದು ಕಿಲೋ ಹಿಟ್ಟಿಗೆ 16 ರೊಟ್ಟಿ. ನಾಲ್ಕು ಜನ, ಎರಡು ಹೊತ್ತು, ತಲಾ ಎರಡು ಅಂದರೆ ದಿನಕ್ಕೆ ಒಂದು ಕಿಲೋ. ಜೋಳ ಮನೆಯಲ್ಲಿ ಎಷ್ಟಾದರೂ ಇರಲಿ, ಹಿಟ್ಟು ಮಾತ್ರ ವಾರಕ್ಕಾಗುವಷ್ಟೇ ಬೀಸಿಸಿ. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗ ಅಂಚು ಒಡೆಯುತ್ತದೆ. ಪುರುಸೊತ್ತಿದ್ದ ದಿನ ಹತ್ತು-ಹದಿನೈದು ರೊಟ್ಟಿ ಜಾಸ್ತಿ ಬಡಿದು, ಖಡಕ್ ಮಾಡಿ ಎತ್ತಿಡಿ. ಆಗದಿದ್ದರೆ ರೊಟ್ಟಿ ಮಾಡಿ ಮಾರುವ ಅಕ್ಕಂದಿರ ಹತ್ತಿರ ತನ್ನಿ. ಅದರಲ್ಲಿ ತಪ್ಪೇನಿಲ್ಲ. ಅವರ ಮನೆಯೂ ನಡೆಯುತ್ತದೆ, ನಿಮಗೂ ಒಂದು ಗಂಟೆ ಸಿಗುತ್ತದೆ.

ವಾರದಲ್ಲಿ ಒಂದು ದಿನ ಏನೂ ಬರೆಯಬೇಡಿ. ಉಳಿದದ್ದನ್ನು ಖಾಲಿ ಮಾಡಲು, ದಿಢೀರ್ ಬಂದ ನೆಂಟರಿಗೆ ಅದು ಬೇಕಾಗುತ್ತದೆ. ಮಕ್ಕಳಿಗೆ ತಲಾ ಒಂದು ಪಲ್ಯ ಆರಿಸಲು ಬಿಡಿ. ತಾವೇ ಹೇಳಿದ ಪಲ್ಯಕ್ಕೆ ತಕರಾರು ಕಡಿಮೆ.

ಪಟ್ಟಿಯನ್ನು ಮೊಬೈಲ್‌ನಲ್ಲಿಟ್ಟುಕೊಳ್ಳದೆ ಅಡುಗೆಮನೆ ಗೋಡೆಗೆ ಅಂಟಿಸಿ. ಒಬ್ಬರ ತಲೆಯಲ್ಲಿದ್ದರೆ ಅದು ಒಬ್ಬರದೇ ಕೆಲಸವಾಗಿ ಉಳಿಯುತ್ತದೆ. ಗೋಡೆಯ ಮೇಲಿದ್ದರೆ ಯಾರು ಬೇಕಾದರೂ ಓದಿ ಕೈ ಹಾಕಬಹುದು. ಪಕ್ಕದಲ್ಲಿ ಹೆಸರನ್ನೂ ಬರೆಯಿರಿ. ನಮ್ಮಲ್ಲಿ ತಪ್ಪಲು ಬಿಡಿಸುವುದು ಮನೆಯವರ ಪಾಲು. ಬುಧವಾರ ರಾತ್ರಿ ಮಡಕಿ ನೆನೆ ಹಾಕುವುದು ಮಗನ ಪಾಲು.