ಕಣಗಿನಹಾಳದ ಗೌಡರಿಗೆ ಕೇಳಬೇಕಾದದ್ದು

ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ಸಹಕಾರ ಸಪ್ತಾಹ. ನಮ್ಮಂಥ ಪತ್ತಿನ ಸಂಘದ ಕಾರ್ಯದರ್ಶಿಗಳಿಗೆ ಅದು ಶಾಲು, ಹಾರ, ಭಾಷಣಗಳ ವಾರ. ಒಂದು ವರ್ಷ ಗದಗಿನ ಕಾಲೇಜೊಂದರವರು ಭಾಷಣ ಬೇಡವೆಂದು ಬೇರೆಯದೇ ಕೆಲಸ ಹಚ್ಚಿದರು. ಬದುಕಿರುವವರಾಗಲಿ, ತೀರಿಕೊಂಡವರಾಗಲಿ, ಎದುರಿಗೆ ಕುಳಿತು ಮಾತಾಡಬೇಕೆನ್ನಿಸುವ ಒಬ್ಬರನ್ನು ಆರಿಸಿಕೊಂಡು, ಅವರಿಗೆ ಏನು ಕೇಳುತ್ತೀರಿ ಎಂಬುದನ್ನು ವಿದ್ಯಾರ್ಥಿಗಳ ಮುಂದೆ ಹೇಳಬೇಕಂತೆ.

ಗದಗಿನವನಿಗೆ ಹೆಸರುಗಳ ಬರವಿಲ್ಲ. ಮೊದಲಿಗೆ ಕುಮಾರವ್ಯಾಸ. ವೀರನಾರಾಯಣ ಗುಡಿಯಲ್ಲಿ ಅವನು ಒರಗಿ ಕುಳಿತು ಭಾರತ ಬರೆದನೆಂದು ತೋರಿಸುವ ಕಂಬದ ಮುಂದೆ ಚಿಕ್ಕಂದಿನಿಂದ ಕೈಮುಗಿದಿದ್ದೇನೆ. ಆದರೆ ಬಡ್ಡಿ ಲೆಕ್ಕ ಬಿಟ್ಟರೆ ಬೇರೇನೂ ಸರಿಯಾಗಿ ಬಾರದ ನಾನು ಅವನಿಗೆ ಕೇಳುವುದಾದರೂ ಏನು? ಹೇಳಬೇಕಾದದ್ದನ್ನೆಲ್ಲ ಅವನು ಷಟ್ಪದಿಯಲ್ಲಿ ಹೇಳಿ ಮುಗಿಸಿದ್ದಾನೆ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಹಾಡೂ ಮಾತೂ ಧ್ವನಿಮುದ್ರಣದಲ್ಲಿ ಉಳಿದಿವೆ. ಕೇಳುವ ಕಿವಿ ಇದ್ದರೆ ಸಾಕು. ಶಿಶುನಾಳ ಶರೀಫರ ಮುಂದೆ ಕುಳಿತರೆ ಅವರು ಒಂದು ಪದ ಹೇಳಿ ಕಳಿಸುತ್ತಾರೆ, ಅದರ ಅರ್ಥ ನನಗೆ ಮನೆ ಮುಟ್ಟಿದ ಮೇಲೂ ಹೊಳೆಯಲಿಕ್ಕಿಲ್ಲ. ಇವರೆಲ್ಲ ನಾನು ನೋಡಬೇಕೆಂದು ಬಯಸುವವರು. ಮಾತಾಡಬೇಕಾದವರು ಬೇರೆ ಯಾರೋ ಇರಬೇಕು ಅನ್ನಿಸಿತು.

ಆಗ ಪಟ್ಟಿಯನ್ನು ಪಕ್ಕಕ್ಕಿಟ್ಟು, ನನ್ನ ಕೆಲಸದಲ್ಲಿ ಉತ್ತರ ಸಿಗದೇ ಉಳಿದ ಪ್ರಶ್ನೆ ಯಾವುದು ಎಂದು ಯೋಚಿಸಿದೆ. ಅದನ್ನು ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. 2018ರಲ್ಲಿ ಸಹಕಾರ ಸಂಘಗಳ ಬೆಳೆಸಾಲ ಒಂದು ಲಕ್ಷದವರೆಗೆ ಮನ್ನಾ ಎಂದು ಸರ್ಕಾರ ಘೋಷಿಸಿದಾಗ, ಮೊದಲೇ ಸಾಲ ತೀರಿಸಿದ್ದ ಕೆಲವರು ನನ್ನ ಮೇಜಿನ ಮುಂದೆ ನಿಂತು, "ಹಾಗಾದರೆ ದಡ್ಡರು ನಾವೇನು?" ಎಂದು ಕೇಳಿದ್ದರು. ಮನ್ನಾ ತಪ್ಪೆಂದು ನಾನು ಹೇಳಲಾರೆ, ಬರಗಾಲ ಕಂಡವರು ಯಾರೂ ಹೇಳಲಾರರು. ಆದರೆ ಅಂದಿನಿಂದ ವಸೂಲಿಗೆ ಹೋದಲ್ಲೆಲ್ಲ "ಅದು ಸರ್ಕಾರದ ದುಡ್ಡಲ್ಲವೇ?" ಎಂಬ ಮಾತು ಕೇಳುತ್ತಿದೆ. ಜಾಮೀನಿನ ಸಹಿಯಂತೂ ನನ್ನದಕ್ಕೆ ನೀನು, ನಿನ್ನದಕ್ಕೆ ನಾನು ಎಂಬ ಅದಲು ಬದಲಾಗಿದೆ. ಒಬ್ಬನ ಸಾಲಕ್ಕೆ ಇನ್ನೊಬ್ಬ ನಿಜವಾಗಿ ಹೊಣೆ ನಿಲ್ಲುವಂತೆ ಮಾಡುವುದು ಹೇಗೆ? ಇದನ್ನು ಮಾಡಿ ತೋರಿಸಿದವರೊಬ್ಬರು ನಮ್ಮ ಗದಗ ತಾಲ್ಲೂಕಿನಲ್ಲೇ ಇದ್ದರು.

ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. 1843ರಲ್ಲಿ ಹುಟ್ಟಿ 1933ರವರೆಗೆ ಬದುಕಿದವರು. 1905ರಲ್ಲಿ ಅವರು ಕಟ್ಟಿದ ಕೃಷಿ ಪತ್ತಿನ ಸಂಘ ದೇಶದ ಮೊಟ್ಟಮೊದಲ ಸಹಕಾರ ಸಂಘಗಳಲ್ಲಿ ಒಂದು. ಸಪ್ತಾಹದ ವೇದಿಕೆಯ ಮೇಲೆ ಅವರ ಭಾವಚಿತ್ರಕ್ಕೆ ಎಷ್ಟೋ ಸಲ ಹೂ ಏರಿಸಿದ್ದೇನೆ. ಅವರನ್ನು ಪ್ರಶ್ನೆ ಕೇಳಬಹುದಾದ ಮನುಷ್ಯ ಎಂದು ನೋಡಿದ್ದು ಅದೇ ಮೊದಲು.

ಪ್ರಶ್ನೆ ಬರೆಯುವ ಮುನ್ನ ಕಾಗದದಲ್ಲೇ ಸಿಗುವ ಉತ್ತರಗಳನ್ನು ತೆಗೆದುಹಾಕಿದೆ. 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಓದಿದರೆ ಅರ್ಧ ಪ್ರಶ್ನೆಗಳು ತಾವಾಗಿಯೇ ಬಿದ್ದುಹೋಗುತ್ತವೆ. ಸಂಘ ಕಟ್ಟಲು ಹದಿನೆಂಟು ದಾಟಿದ ಕನಿಷ್ಠ ಹತ್ತು ಜನ ಬೇಕು. ಗ್ರಾಮೀಣ ಸಂಘವಾದರೆ ಐದರಲ್ಲಿ ನಾಲ್ಕು ಪಾಲು ಸದಸ್ಯರು ಒಕ್ಕಲುತನದವರಾಗಿರಬೇಕು. ಲಾಭವನ್ನು ಹಂಚಿಕೊಳ್ಳುವಂತಿಲ್ಲ, ಅದು ನಿಧಿಗೆ ಸೇರಬೇಕು. ಎಲ್ಲಕ್ಕಿಂತ ದೊಡ್ಡದು ಅನಿಯಮಿತ ಹೊಣೆ, ಅಂದರೆ ಮಿತಿಯೇ ಇಲ್ಲದ ಹೊಣೆ. ಜರ್ಮನಿಯ ರೈಫೈಸನ್ ಎಂಬವರು ಹಳ್ಳಿಯ ರೈತರಿಗಾಗಿ ರೂಪಿಸಿದ ಪದ್ಧತಿಯಿಂದ ಬಂದ ನಿಯಮವದು. ಸಂಘ ಮುಳುಗಿದರೆ ಸದಸ್ಯನ ಶೇರು ಹಣ ಹೋಗಿ ಮುಗಿಯುವುದಿಲ್ಲ, ಅವನ ಎರೆ ಹೊಲಕ್ಕೂ ಎತ್ತಿಗೂ ಸಂಚಕಾರ. ಇಂದು ನಮ್ಮ ಸಂಘದಲ್ಲಿ ಆ ನಿಯಮ ತಂದರೆ ಮಹಾಸಭೆಯಲ್ಲಿ ನಾನು ಮತ್ತು ಕುರ್ಚಿಗಳು ಮಾತ್ರ ಉಳಿಯುತ್ತೇವೆ. 1876ರಿಂದ 78ರವರೆಗಿನ ಮಹಾಕ್ಷಾಮ ಧಾರವಾಡ ಜಿಲ್ಲೆಯನ್ನು ಹಣ್ಣು ಮಾಡಿದಾಗ ಗೌಡರಿಗೆ ಮೂವತ್ತೈದರ ಆಸುಪಾಸು. ಗದಗ ಆಗ ಆ ಜಿಲ್ಲೆಯಲ್ಲೇ ಇತ್ತು. ಅಂಥದ್ದನ್ನು ಕಂಡವರು, ನೆರೆಯವನ ಸಾಲಕ್ಕೆ ಹೊಲವನ್ನೇ ಒಡ್ಡುವ ಕಾಗದಕ್ಕೆ ಜನರ ಸಹಿ ಪಡೆದರು.

ನಾನು ಮೊದಲು ಬರೆದ ಪ್ರಶ್ನೆಗಳೆಲ್ಲ ಸನ್ಮಾನ ಸಮಾರಂಭದವು: ನಿಮಗೆ ಪ್ರೇರಣೆ ಏನು, ಯುವಕರಿಗೆ ನಿಮ್ಮ ಸಂದೇಶ ಏನು. ಇವನ್ನು ನಮ್ಮ ಸಂಘದ ಹಳೆಯ ನಿರ್ದೇಶಕರೊಬ್ಬರ ಮೇಲೆ ಪ್ರಯೋಗಿಸಿ ನೋಡಿದೆ. "ಯಾಕೆ ಸಂಘಕ್ಕೆ ಬಂದಿರಿ, ಅಜ್ಜಾ?" ಎಂದು ಕೇಳಿದರೆ ಅವರು ಎದ್ದು ನಿಂತು ಭಾಷಣವನ್ನೇ ಮಾಡಿದರು. "ಮೊದಲ ಸಾಲ ಮಂಜೂರು ಮಾಡಿದ ದಿನ ನಿಮ್ಮ ಪಕ್ಕದಲ್ಲಿ ಯಾರು ಕುಳಿತಿದ್ದರು?" ಎಂದಾಗ ಮಾತ್ರ ಕಥೆ ಬಂತು, ಜೊತೆಗೆ ಎರಡು ಹಳೆಯ ಜಗಳಗಳೂ ಒಬ್ಬ ಸುಸ್ತಿದಾರನ ಹೆಂಡತಿಯ ಬೋರಮಾಳ ಸರದ ವಿಷಯವೂ ಬಂದವು. ಯಾಕೆ ಎಂದು ಕೇಳಿದರೆ ಮನುಷ್ಯ ವೇದಿಕೆ ಹತ್ತುತ್ತಾನೆ. ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂದರೆ ಕಟ್ಟೆಯ ಮೇಲೆ ಕೂರುತ್ತಾನೆ.

ಹಾಗಾಗಿ ಪಟ್ಟಿಯನ್ನು ಮತ್ತೆ ಬರೆದೆ. ಗೌಡರೇ, ಆ ವರ್ಷ ಹಿಂಗಾರಿ ಹೇಗಿತ್ತು? ಮೊದಲು ಯಾರ ಮನೆಗೆ ಹೋದಿರಿ, ಹಗಲೋ ರಾತ್ರಿಯೋ? ಆಗುವುದಿಲ್ಲ ಎಂದವರು ಯಾರು, ಆಮೇಲೆ ಅವರ ಮನೆಯ ಮದುವೆಗೆ ಹೋದಿರಾ? ಊರ ಸಾಹುಕಾರ ನಕ್ಕನೋ, ಸಿಟ್ಟಾದನೋ? ಹಣದ ಪೆಟ್ಟಿಗೆ ಯಾರ ಮನೆಯಲ್ಲಿತ್ತು? ಸಾಲ ಕೇಳಿ ಬಂದವರಲ್ಲಿ ಯಾರಿಗೆ ಇಲ್ಲ ಅಂದಿರಿ, ಯಾವ ಮಾತಿನಲ್ಲಿ ಅಂದಿರಿ? ನನಗೆ ಇದೇ ಮುಖ್ಯ. ಕೊಡುವುದನ್ನು ಯಾರಾದರೂ ಕಲಿಸುತ್ತಾರೆ. ಬೆಳಗಾದರೆ ಮುಖ ನೋಡಬೇಕಾದ ಮನುಷ್ಯನಿಗೆ ಸಾಲವಿಲ್ಲ ಎನ್ನುವುದನ್ನು ಯಾವ ತರಬೇತಿ ಕೇಂದ್ರವೂ ನನಗೆ ಕಲಿಸಲಿಲ್ಲ.

ಕೊನೆಗೆ ಇಟ್ಟುಕೊಂಡದ್ದು ಕೇಳಲು ಅಳುಕಾಗುವ ಪ್ರಶ್ನೆ. ಜನ ಸಹಿ ಹಾಕಿದ್ದು ಸಂಘದ ಮೇಲಿನ ನಂಬಿಕೆಯಿಂದಲೋ, ಗೌಡರು ಕೇಳುತ್ತಿದ್ದಾರೆ ಎಂಬ ಭಯದಿಂದಲೋ? ಅವರಿಗೆ ಇದು ಹಿಡಿಸದೇ ಹೋಗಬಹುದು. ಆದರೆ ಇದನ್ನು ಕೇಳದೆ ಬರುವುದಾದರೆ ಭಾವಚಿತ್ರಕ್ಕೆ ಹೂ ಏರಿಸಿ ಬಂದಷ್ಟೇ ಆಯಿತು. ಇಂದಿನ ಸಂಘಗಳ ಬಗ್ಗೆ ಅವರ ಅಭಿಪ್ರಾಯ ಕೇಳುವುದನ್ನು ಮಾತ್ರ ಬೇಕೆಂದೇ ಬಿಟ್ಟೆ. ಹೊಗಳಿದರೆ ಸುಳ್ಳಾಗುತ್ತದೆ, ಬೈದರೆ ನನ್ನ ಕೆಲಸಕ್ಕೆ ಅದರಿಂದ ಪ್ರಯೋಜನವಿಲ್ಲ.

ಕಾಲೇಜಿನಲ್ಲಿ ಇದೆಲ್ಲವನ್ನೂ ಹೇಳಿ ಕುಳಿತೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಸರ್, ಕಾಯ್ದೆಗೆ ಹತ್ತು ಜನ ಬೇಕು ಎಂದಿರಿ. ಆ ಕೊನೆಯ ಪ್ರಶ್ನೆಯನ್ನು ಗೌಡರಿಗೆ ಯಾಕೆ ಕೇಳುತ್ತೀರಿ? ಹತ್ತನೆಯವನಿಗೆ ಕೇಳಬೇಕಲ್ಲವೇ?" ಎಂದಳು. ಸಭೆಯಲ್ಲಿ ನಗು ಎದ್ದಿತು, ಅವಳು ನಗಲಿಲ್ಲ. ಅವಳ ಮಾತು ಸರಿ ಇತ್ತು. ಒಂಬತ್ತು ಜನರ ನಂತರ ಸಹಿ ಹಾಕುವವನಿಗೆ ಹಿಂದೆ ಸರಿಯುವ ದಾರಿ ಎಲ್ಲಿರುತ್ತದೆ? ಊರೆಲ್ಲ ಅವನ ಕೈಯನ್ನೇ ನೋಡುತ್ತಿರುತ್ತದೆ.

ಈಗ ನನ್ನ ಪಟ್ಟಿಯಲ್ಲಿ ಇಬ್ಬರಿದ್ದಾರೆ. ಇಬ್ಬರನ್ನೂ ಒಟ್ಟಿಗೆ ಕೂಡಿಸುವುದಿಲ್ಲ. ಗೌಡರ ಎದುರಿಗೆ ಅವನು ಬಾಯಿ ಬಿಡುವುದಿಲ್ಲ. ಮೊದಲು ಅವನ ಹೊಲಕ್ಕೆ ಹೋಗುತ್ತೇನೆ, ಬುತ್ತಿ ಬಿಚ್ಚುವ ಹೊತ್ತಿಗೆ. ಜೇಬಿನಲ್ಲಿ ಪೆನ್ನು ಇಟ್ಟುಕೊಳ್ಳುವುದಿಲ್ಲ. ಸಂಘದ ಕಾರ್ಯದರ್ಶಿ ಪೆನ್ನು ತೆಗೆದರೆ ರೈತ ಏನನ್ನು ನೆನೆಯುತ್ತಾನೆ ಎಂಬುದು ನನಗೆ ಚೆನ್ನಾಗಿ ಗೊತ್ತು.