ಹಸಿರು ಬೆಳವಣಿಗೆ: ದೇಶಗಳನ್ನು ಹೋಲಿಸುವುದು ಹೇಗೆ?

'ಮಾಷ್ಟ್ರೇ, ಭಾರತದ ರ‍್ಯಾಂಕ್ ಎಷ್ಟು?' ಪ್ಲಸ್ ಟು ಮಕ್ಕಳು ಹಸಿರು ಬೆಳವಣಿಗೆಯ, ಅಂದರೆ ಪರಿಸರ ಕೆಡಿಸದೆ ಆದಾಯ ಬೆಳೆಸುವುದರ, ಪ್ರಾಜೆಕ್ಟ್ ಹಿಡಿದು ಬಂದರೆ ಮೊದಲ ಪ್ರಶ್ನೆಯೇ ಇದು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಕನ್ನಡ ಮಾಧ್ಯಮದಲ್ಲಿ ಅರ್ಥಶಾಸ್ತ್ರ ಕಲಿಸುವ ನನ್ನ ಉತ್ತರವೂ ಒಂದೇ. ರ‍್ಯಾಂಕ್ ಕೊನೆಗೆ ನೋಡುವ.

ಮೊದಲು ಒಂದೇ ಹಾಳೆಯಲ್ಲಿ ಎರಡು ಗೆರೆ ಎಳೆಯಿರಿ. ಒಂದು, ಬೆಲೆಯೇರಿಕೆ ಕಳೆದ ಜಿಡಿಪಿ (ದೇಶದಲ್ಲಿ ವರ್ಷಕ್ಕೆ ತಯಾರಾದ ಸರಕು, ಸೇವೆಗಳ ಒಟ್ಟು ಬೆಲೆ). ಇನ್ನೊಂದು, ದೇಶ ಹೊರಬಿಡುವ ಇಂಗಾಲದ ಡೈಆಕ್ಸೈಡ್; ಸುಲಭಕ್ಕೆ ಹೊಗೆ ಎನ್ನುವ. 1990ನ್ನು ಎರಡಕ್ಕೂ 100 ಎಂದಿಟ್ಟುಕೊಳ್ಳಿ. ಭಾರತದಲ್ಲಿ ಎರಡೂ ಮೇಲೇರಿವೆ, ಜಿಡಿಪಿ ಜಾಸ್ತಿ ವೇಗದಲ್ಲಿ. ಬ್ರಿಟನ್ನಿನಲ್ಲಿ ಜಿಡಿಪಿ ಏರಿದೆ, ಹೊಗೆ ಸುಮಾರು ಅರ್ಧಕ್ಕಿಳಿದಿದೆ. ಕೂಡಲೇ ಚಪ್ಪಾಳೆ ತಟ್ಟಬೇಡಿ. ಅವರು ಬಳಸುವ ಎಷ್ಟೋ ಸಾಮಾನು ಬೇರೆ ದೇಶದ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಆ ಹೊಗೆ ಯಾರ ಲೆಕ್ಕಕ್ಕೆ? ಸಾಮಾನು ಬಳಸಿದ ದೇಶದ ಲೆಕ್ಕಕ್ಕೇ ಹೊಗೆ ಹಾಕುವ ಬಳಕೆ ಆಧಾರಿತ ಅಂಕಿಯೂ ಸಿಗುತ್ತದೆ, ಅದನ್ನು ಮೂರನೇ ಗೆರೆ ಮಾಡಿ. ಆಗ ಬ್ರಿಟನ್ನಿನ ಇಳಿಕೆ ಸಣ್ಣದಾಗುತ್ತದೆ. ವರ್ಷಕ್ಕೆ ತಲೆಗೆಷ್ಟು ಹೊಗೆ ಎಂಬುದನ್ನೂ ಬರೆದಿಡಿ: ಭಾರತದವರಿಗೆ ಸುಮಾರು 2 ಟನ್, ಅಮೆರಿಕದವರಿಗೆ ಸುಮಾರು 14.

ಇನ್ನು ಜಿಡಿಪಿಯಲ್ಲಿ ಕಾಣದ್ದು. ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾ? ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಮದ್ದು ಬಿಡುತ್ತಿದ್ದರು. ಮದ್ದಿನ ಖರ್ಚು, ಗೇರುಬೀಜದ ಆದಾಯ, ಮತ್ತೆ ಆಸ್ಪತ್ರೆ ಬಿಲ್ಲು, ಎಲ್ಲವೂ ಯಾವುದೋ ದಾರಿಯಲ್ಲಿ ಜಿಡಿಪಿಗೆ ಸೇರುವಂಥವೇ. ಕೆಟ್ಟ ತೋಡಿನ ನೀರು, ಸತ್ತ ಜೇನು ಕಳೆಯುವುದಕ್ಕೆ ಅಲ್ಲಿ ಕಾಲಂ ಇಲ್ಲ. ಅದಕ್ಕೇ ವಿಶ್ವಸಂಸ್ಥೆ 2012ರಲ್ಲಿ ನೀರು, ಕಾಡು, ಮಾಲಿನ್ಯವನ್ನೂ ಲೆಕ್ಕಕ್ಕೆ ಹಿಡಿಯುವ ಪರಿಸರ ಲೆಕ್ಕಪತ್ರದ ಮಾನದಂಡವನ್ನು ಒಪ್ಪಿಕೊಂಡಿತು. ವಿಶ್ವಬ್ಯಾಂಕಿನ 'ಹೊಂದಿಸಿದ ನಿವ್ವಳ ಉಳಿತಾಯ'ವೂ ಉಪಯೋಗಕ್ಕೆ ಬರುತ್ತದೆ. ದೇಶದ ಉಳಿತಾಯಕ್ಕೆ ಶಿಕ್ಷಣದ ಖರ್ಚು ಕೂಡಿಸಿ, ಖಾಲಿಯಾದ ಅದಿರು, ಕಾಡು, ಮಾಲಿನ್ಯದ ಹಾನಿ ಕಳೆಯುತ್ತಾರೆ. ಉತ್ತರ ಮೈನಸ್ ಬಂದರೆ ಆ ದೇಶ ಬಂಡವಾಳವನ್ನೇ ತಿನ್ನುತ್ತಿದೆ. ಆದರೆ ಜೇನು ಇಲ್ಲೂ ಸಿಗುವುದಿಲ್ಲ, ಬಿಡಿ.

ಈಗ ರ‍್ಯಾಂಕ್. ದೇಶಕ್ಕೆ ಹಲವು ವಿಷಯಗಳಲ್ಲಿ ಅಂಕ ಕೊಟ್ಟು ಒಟ್ಟು ಮಾಡುತ್ತಾರೆ. ಆ ಅಂಕ ಕೂಡಿಸಿದ ಬಗೆ ನೋಡಿ. ಒಂದು ವಿಷಯಕ್ಕೆ 90, ಇನ್ನೊಂದಕ್ಕೆ 10 ಬಂದರೆ ಸಾದಾ ಸರಾಸರಿ 50. ಗುಣಿಸಿ ವರ್ಗಮೂಲ ತೆಗೆದರೆ 30. ಎರಡನೆಯದೇ ನನಗೆ ಸರಿ ಕಾಣುತ್ತದೆ. ಸೌರಫಲಕ ಹಾಕಿದ್ದಕ್ಕೆ ಕಾಡು ಕಡಿದದ್ದು ಮಾಫಿ ಆಗಬಾರದು, ಅಲ್ವಾ?

ಯಾವುದಕ್ಕೆ ಎಷ್ಟು ತೂಕ ಎಂಬುದೂ ಮುಖ್ಯ. ಯೇಲ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳ ಪರಿಸರ ಸೂಚ್ಯಂಕದಲ್ಲಿ 2022ರಲ್ಲಿ ಭಾರತ 180ಕ್ಕೆ 180ನೆಯದು. ತಲಾ ಹೊಗೆಗೆ ಕೊಟ್ಟ ತೂಕ ತೀರಾ ಕಡಿಮೆ ಎಂದು ಕೇಂದ್ರ ಪರಿಸರ ಸಚಿವಾಲಯ ಆಗ ತಕರಾರು ಎತ್ತಿತು. 2024ರಲ್ಲಿ 176. ಹಾಗಂತ ನಾಲ್ಕು ಸ್ಥಾನ ಸುಧಾರಿಸಿದೆವು ಎಂದು ಸುಮ್ನೆ ಬರೆಯಬೇಡಿ, ಲೆಕ್ಕದ ವಿಧಾನವೇ ಬದಲಾಗಿರುತ್ತದೆ. ಒಂದೇ ವರ್ಷದ ವರದಿಯಲ್ಲಿ 10 ವರ್ಷದ ಬದಲಾವಣೆಯ ಕಾಲಂ ಇದೆ. ಪ್ರಾಜೆಕ್ಟಿಗೆ ಅದನ್ನೇ ತೆಗೆದುಕೊಳ್ಳಿ.