ಕಾರಿನ ಎ.ಸಿ.ಗೆ ಗ್ಯಾಸ್ ಹಾಕಿಸುವ ಮೊದಲು ಇದೊಂದು ನೋಡಿ

ಎ.ಸಿ. ತಂಪು ಕಡಿಮೆ ಅಂತ ಗ್ಯಾರೇಜಿಗೆ ಹೋದರೆ, ಇಂಜಿನ್ ಪೂರ್ತಿ ತಣ್ಣಗಿರುವಾಗ, ಎ.ಸಿ. ಹಾಕುವ ಮೊದಲೇ ಒಮ್ಮೆ ಗೇಜ್ (ಗ್ಯಾಸಿನ ಒತ್ತಡ ಅಳೆಯುವ ಮೀಟರ್) ಕೂರಿಸಿ ನೋಡಲು ಹೇಳಿ. ಆಗ ನೀಲಿ, ಕೆಂಪು ಎರಡೂ ಮುಳ್ಳು ಒಂದೇ ಒತ್ತಡ ತೋರಿಸಬೇಕು. ಆರ್-134ಎ ಗ್ಯಾಸ್ ಆದರೆ 25 ಡಿಗ್ರಿಯಲ್ಲಿ ಸುಮಾರು 82 ಪಿಎಸ್‌ಐ, 30 ಡಿಗ್ರಿಯಲ್ಲಿ ಸುಮಾರು 97. ಇದಕ್ಕಿಂತ ತುಂಬಾ ಕಡಿಮೆ ಇದ್ದರೆ ಎಲ್ಲೋ ಲೀಕ್ ಇದೆ. ಮೊದಲು ಅದನ್ನು ಹುಡುಕಿಸಿ, ಸುಮ್ನೆ ಗ್ಯಾಸ್ ತುಂಬಿಸಬೇಡಿ. ಒಳಗೆ ಗ್ಯಾಸ್ ಸ್ವಲ್ಪವಾದರೂ ದ್ರವರೂಪದಲ್ಲಿ ಉಳಿದಿರುವ ತನಕ ಒತ್ತಡವನ್ನು ನಿರ್ಧರಿಸುವುದು ಉಷ್ಣಾಂಶ ಮಾತ್ರ, ಗ್ಯಾಸಿನ ಪ್ರಮಾಣ ಅಲ್ಲ. ಅಡುಗೆ ಸಿಲಿಂಡರ್ ಅರ್ಧ ಖಾಲಿಯಾದರೂ ಉರಿ ಹಾಗೇ ಇರುತ್ತದಲ್ವಾ, ಹಾಗೆ. ಅದಕ್ಕೇ ಈ ಅಂಕಿ ಸರಿ ಬಂದ ಮಾತ್ರಕ್ಕೆ ಗ್ಯಾಸ್ ಫುಲ್ ಇದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಎಷ್ಟಿದೆ ಅಂತ ಖಚಿತವಾಗಿ ತಿಳಿಯಲು ಇರುವ ದಾರಿ ಒಂದೇ: ಹಳೆಯದನ್ನು ಮೆಷಿನ್‌ಗೆ ಎಳೆದು ತೂಗಿ, ಪೈಪಿನೊಳಗಿನ ಗಾಳಿಯನ್ನೂ ಎಳೆದು (ವ್ಯಾಕ್ಯೂಮ್ ಮಾಡಿ), ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ಗ್ರಾಂ ತುಂಬುವುದು. ಜಾಸ್ತಿ ತುಂಬಿದರೂ ತಂಪು ಕಡಿಮೆಯಾಗುತ್ತದೆ, ಕಂಪ್ರೆಸರ್‌ಗೂ ಪೆಟ್ಟು. ಬಿಸಿಲಲ್ಲಿ ನಿಂತ ಅಥವಾ ಆಗಷ್ಟೇ ಓಡಿಸಿ ತಂದ ಕಾರಿನಲ್ಲಿ ಈ ಲೆಕ್ಕ ಹೊಂದುವುದಿಲ್ಲ, ಬಾನೆಟ್ ಒಳಗಿನ ಬಿಸಿಗೆ ಮುಳ್ಳು ಮೇಲೇರಿರುತ್ತದೆ. ಪೈಪಿನೊಳಗೆ ಗಾಳಿ ಸೇರಿದ್ದರೂ ಅಂಕಿ ಜಾಸ್ತಿ ತೋರಿಸುತ್ತದೆ. ಹೊಸ ಕಾರುಗಳಲ್ಲಿ ಆರ್-1234ವೈಎಫ್ ಅನ್ನುವ ಬೇರೆ ಗ್ಯಾಸ್ ಇರಬಹುದು, ಅದರ ಅಂಕಿ ಸ್ವಲ್ಪ ಬೇರೆ. ಸ್ಟಿಕ್ಕರ್ ನೋಡಿಕೊಂಡೇ ಗೇಜ್ ಹಾಕಿಸಿ.